ಎಂಟನೆಯ ಗುರುತಿನಲ್ಲಿ ಸೊನ್ನೆ

ಇಲಾಖೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಿವಿಯಪ್ಪ ಎಂದು. ಹಕ್ಕಿ ಎಣಿಸುವ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ, ಆ ಕಿವಿಯಲ್ಲಿ ಅವನನ್ನು ಮೀರಿಸುವವರು ಹತ್ತೂರಲ್ಲಿ ಇರಲಿಲ್ಲ. ಕೋಪವೂ ಅಷ್ಟೇ, ಸದಾ ಮೂಗಿನ ತುದಿಯಲ್ಲೇ.

ಆ ಬೆಳಿಗ್ಗೆಯಂತೂ ಕೇಳುವುದೇ ಬೇಡ. ಏಳು ಗುರುತು ಮುಗಿದಿದ್ದವು, ಏಳಕ್ಕೂ ಸೊನ್ನೆ. ಕಾಡಿನೊಳಗೆ ಹನ್ನೆರಡು ಮರಗಳಿಗೆ ಬಿಳಿ ಬಣ್ಣದ ಗುರುತು ಹಾಕಿದ್ದರು. ಒಂದೊಂದರ ಬುಡದಲ್ಲೂ ಹತ್ತು ನಿಮಿಷ ನಿಂತು, ಕಂದು ಪೊದೆಹಕ್ಕಿ ಎಷ್ಟು ಸಲ ಕೂಗಿತೋ ಪಟ್ಟಿಯಲ್ಲಿ ಅಷ್ಟು ಗೀರು ಎಳೆಯಬೇಕು. ಹೆಬ್ಬೆರಳಿನಷ್ಟು ಹಕ್ಕಿ. ಪೊದೆಯ ಬುಡದಲ್ಲಿ, ಎಲೆಗಳ ಅಡಿಯಲ್ಲಿ ಹುಳ ಹೆಕ್ಕಿಕೊಂಡು ಬದುಕುವ ಆ ಮಹಾರಾಯನಿಗೆ ಮುಖ ತೋರಿಸುವ ಅಭ್ಯಾಸವೇ ಇಲ್ಲ. ಇದೆಯೋ ಇಲ್ಲವೋ ಎನ್ನುವುದಕ್ಕೆ ಕೂಗೊಂದೇ ಸಾಕ್ಷಿ. ಮೂರು ವರ್ಷ ಸತತವಾಗಿ ಕೂಗು ಕೇಳದಿದ್ದರೆ ಆ ಕಾಡನ್ನು ರಕ್ಷಣೆಯ ಪಟ್ಟಿಯಿಂದ ತೆಗೆದು ಮರ ಕಡಿಯುವವರಿಗೆ ಬಿಟ್ಟುಕೊಡುತ್ತಾರೆ. ಈ ಕಾಡಿಗೆ ಇದು ಮೂರನೆಯ ವರ್ಷ, ಎಣಿಕೆಯ ಕೊನೆಯ ದಿನ.

ಹಾಳಾದ್ದು, ಒಂದು ಸಲ ಬಾಯಿ ಬಿಟ್ಟರೆ ಅದರ ಗಂಟೇನು ಹೋಗುತ್ತಿತ್ತು?

ಜೊತೆಯ ನೌಕರ ಜ್ವರ ಬಂದು ಮಲಗಿದ್ದ. ಕಾಡಿಗೆ ಒಬ್ಬರೇ ಹೋಗಕೂಡದೆಂಬ ನಿಯಮವಿದ್ದುದರಿಂದ ಹೆಂಡತಿ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದಿದ್ದಳು, ಬಾಯಿ ಮುಚ್ಚಿಕೊಂಡಿರಬೇಕೆಂಬ ಕರಾರಿನ ಮೇಲೆ. ಇಲ್ಲಿಯವರೆಗೆ ಮಹಾತಾಯಿ ತುಟಿ ಬಿಚ್ಚಿರಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ತಪಸ್ಸು.

ಎಂಟನೆಯ ಮರದಡಿಯಲ್ಲೂ ಅವನು ಮೈಯೆಲ್ಲ ಕಿವಿಯಾಗಿ ನಿಂತ. ಪಾರಿವಾಳವೊಂದು ಗುಟುರು ಹಾಕಿತು. ಎಲ್ಲೋ ಕೋತಿ ಕೊಂಬೆ ಮುರಿಯಿತು. ಹತ್ತು ನಿಮಿಷ ಮುಗಿಯಿತು. ಅವನು ಸೊನ್ನೆ ಬರೆದು ಪೆನ್ಸಿಲನ್ನು ನೆಲಕ್ಕೆ ಬಿಸಾಡಿದ.

“ಹಾಳಾಗೋಯ್ತು, ಎಲ್ಲಾ ಹಾಳಾಗೋಯ್ತು! ಇಲ್ಲಿ ಮೊದಲು ಇದನ್ನ ಕಂಡುಹಿಡಿದವನೇ ನಾನು. ಈಗ ನಾನೇ ಇಲ್ಲ ಅಂತ ಬರೀಬೇಕು. ಕಾಡೇ ಕೆಟ್ಟುಹೋಗಿದೆ ಕಣೇ.”

ಹೆಂಡತಿ ಪೆನ್ಸಿಲ್ ಹೆಕ್ಕಿ, ಮಣ್ಣು ಒರೆಸಿ ಕೊಟ್ಟಳು. “ರೀ, ಈಗ ಮಾತಾಡಬಹುದಾ?”

“ಮಾತಾಡು. ಇನ್ನೇನು ಉಳಿದಿದೆ?”

“ಸಣ್ಣಗೆ ಸೀ ಸೀ ಅಂತಿದೆಯಲ್ಲ, ಅದು ಯಾವ ಹಕ್ಕಿ? ಮೊದಲನೇ ಮರದಿಂದ ನನ್ನ ತಲೆ ತಿಂತಾ ಇದೆ.”

“ಯಾವುದು?”

“ಅಯ್ಯೋ, ಇದೇ ರೀ! ಈಗಲೂ ಕೂಗ್ತಿದೆ, ನಿಮ್ಮ ಕಾಲ ಹತ್ರಾನೇ.”

“ಏನೇನೋ ಹೇಳಬೇಡ. ಜೀರುಂಡೆ ಇರಬೇಕು.”

“ಜೀರುಂಡೆ ಗೊತ್ತಿಲ್ವಾ ನಂಗೆ? ತಡೀರಿ, ಮಾಡಿ ತೋರಿಸ್ತೀನಿ.”

ಅವಳು ಹಲ್ಲು ಕಚ್ಚಿ, ತುಟಿ ಅಗಲಿಸಿ ಉಸಿರು ಬಿಟ್ಟಳು. ಅವನು ಕಾದ.

“ಮಾಡು,” ಎಂದ.

“ಮಾಡಿದೆನಲ್ಲ.”

“ಇನ್ನೊಂದು ಸಲ.”

ಅವಳ ಕೆನ್ನೆ ಬಿಗಿಯಿತು, ಕತ್ತಿನ ನರ ಉಬ್ಬಿತು. ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಪೊದೆಹಕ್ಕಿಯ ಆ ಕೂಗನ್ನು ಕಲಿಸಿದವನೇ ಅವನು. ಹೆಂಡತಿಯ ಹಲ್ಲುಗಳು ಕಂಡವು, ಸದ್ದು ಮಾತ್ರ ಬರಲಿಲ್ಲ.

ಅವನಿಗೆ ಕೆಂಡದಂಥ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಹೆಂಡತಿಯ ಮೇಲೇ ಹರಿಹಾಯ್ದ.

“ಮೊದಲನೇ ಮರದಲ್ಲೇ ಹೇಳೋಕೆ ಏನಾಗಿತ್ತು ನಿಂಗೆ?”

“ಬಾಯಿ ಮುಚ್ಕೊಂಡಿರು ಅಂದವರು ಯಾರು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಡು ಕೆಟ್ಟಿದೆಯಂತೆ, ಕಾಡು!” ಎಂದವಳು ಅವನ ಮುಖ ನೋಡಿ ಮೆತ್ತಗಾದಳು. “ಹೋಗ್ಲಿ ಬಿಡಿ. ನಾನು ಬೆರಳು ಎತ್ತುತ್ತೀನಿ, ನೀವು ಗೀರು ಹಾಕಿ. ನೀವೇ ಕೇಳಿದ್ದು ಅಂತ ಬರೀರಿ. ಯಾರು ಬಂದು ನೋಡ್ತಾರೆ? ಕಾಡೂ ಉಳಿಯುತ್ತೆ, ನಿಮ್ಮ ಕೆಲಸಾನೂ ಉಳಿಯುತ್ತೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನಿಗೂ ಅದೇ ಬೇಕಾಗಿತ್ತು. ಸೊನ್ನೆಯನ್ನು ಅಳಿಸಿದ. ಅವಳು ಬೆರಳೆತ್ತಿದಾಗಲೆಲ್ಲ ಒಂದು ಗೀರು. ಹತ್ತು ನಿಮಿಷಕ್ಕೆ ಹದಿನಾಲ್ಕಾದವು. ಮೂರು ವರ್ಷದ ಮೇಲೆ ಹದಿನಾಲ್ಕು! ಅವನಿಗೆ ನಗುವೇ ಬಂದುಬಿಟ್ಟಿತು.

“ಇಷ್ಟೊಂದಿವೆ ಅಂದ್ರೆ ಹಳ್ಳದಾಚೆ ಕಾಡಲ್ಲೂ ಇದ್ದಿರಬೇಕು ಅಲ್ವಾ?” ಹೆಂಡತಿ ಮಾತಿಗೆ ಮಾತು ಅಂತ ಕೇಳಿದಳು.

ಹಳ್ಳದಾಚೆಯ ಕಾಡನ್ನು ಎಣಿಸಿದವನೂ ಅವನೇ. ಹೋದ ವರ್ಷಕ್ಕೆ ಅಲ್ಲಿ ಮೂರು ವರ್ಷದ ಸೊನ್ನೆಗಳು ತುಂಬಿದ್ದವು. ಕಿವಿಯಪ್ಪನೇ ಇಲ್ಲ ಅಂದಮೇಲೆ ಮುಗಿಯಿತು ಎಂದು ಸಾಹೇಬರು ಮರುಮಾತಿಲ್ಲದೆ ಸಹಿ ಹಾಕಿದ್ದರು. ಈಗ ಅಲ್ಲಿರುವುದು ಕೊರಡು, ಮರದ ಹೊಟ್ಟು, ಲಾರಿ ಓಡಾಡಿದ ಕೆಸರು.

ಅವನು ಮರಕ್ಕೊರಗಿ ಕೂತುಬಿಟ್ಟ. ಅಳು ಬಂತು, ತಡೆಯಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

“ಗೊತ್ತಿದ್ದು ಮಾಡಿದ್ದಲ್ಲವಲ್ಲ ರೀ.”

“ಗೊತ್ತಿಲ್ದೆ ಕಡಿಸಿದ್ರೆ ಮರ ವಾಪಸ್ ಬರುತ್ತಾ?”

ಸ್ವಲ್ಪ ಹೊತ್ತಾದ ಮೇಲೆ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ. ಎಣಿಸಿದವರು ಎಂಬಲ್ಲಿ ತನ್ನ ಹೆಸರು ಹೊಡೆದು ಅವಳ ಹೆಸರು ಬರೆದ. ಕೆಳಗೆ ಷರಾ ಎಂಬಲ್ಲಿ, ‘ಈ ಕೂಗು ನನಗೆ ಕೇಳಿಸುವುದಿಲ್ಲ. ನಾನು ಬರೆದ ಸೊನ್ನೆಗಳೆಲ್ಲ ತಪ್ಪು, ಹೊಡೆದುಹಾಕಬೇಕು’ ಎಂದು ಬರೆದು ಸಹಿ ಹಾಕಿದ.

“ಕೆಲಸ ಹೋಗುತ್ತೆ ರೀ.”

“ಹೋಗ್ಲಿ.”

ಅವಳು ಬಗ್ಗಿ, ಬರೆದದ್ದನ್ನು ನಿಧಾನವಾಗಿ ಓದಿದಳು. “ಹಳ್ಳದಾಚೇದನ್ನೂ ಬಿಡಿಸಿ ಬರೀರಿ. ಆ ಸೊನ್ನೆನೂ ತಪ್ಪು ತಾನೆ?”

ಅವನು ಪೆನ್ಸಿಲನ್ನು ಕಾಗದಕ್ಕೆ ತಾಗಿಸಿ, ಹಾಗೇ ಎತ್ತಿದ.

“ಆಗ ತಪ್ಪಾಗಿತ್ತು,” ಎಂದ. “ಈಗ ಸರಿಯಾಗಿದೆ.”