ಅಳತೆಗೆ ನಿಂತ ಟೈಲರಮ್ಮ

ನಮ್ಮ ಬೀದಿಯ ಟೈಲರಮ್ಮ ಯಾರನ್ನೇ ಕಂಡರೂ ಮೊದಲು ನೋಡುವುದು ಮುಖವನ್ನಲ್ಲ, ಭುಜವನ್ನು. "ಬಲಗಡೆ ಇಳಿದಿದೆಯಲ್ಲಮ್ಮ, ಚೀಲ ಎಡಕ್ಕೆ ಹಾಕ್ಕೋ" ಎಂದ ಮೇಲೆಯೇ ಕುಶಲ ವಿಚಾರಣೆ. ಅಳತೆಗೆ ನಿಂತವರು ಉಸಿರು ಬಿಗಿಹಿಡಿದರೆ ಗದರಿಕೆ: "ಹೊಟ್ಟೆ ಎಳ್ಕೋಬೇಡಿ. ಆಮೇಲೆ ಗುಂಡಿ ಕಿತ್ತುಬಂದ್ರೆ ನನ್ನನ್ನ ಬೈತೀರಿ." ಎಪ್ಪತ್ತೊಂದರ ವಯಸ್ಸು, ಕೊರಳಲ್ಲಿ ಇಳಿಬಿದ್ದ ಟೇಪು, ಎಡಗೈ ಮಣಿಕಟ್ಟಿನಲ್ಲಿ ಗುಂಡುಪಿನ್ನು ಚುಚ್ಚಿದ ಪುಟ್ಟ ಮೆತ್ತೆ. ಐವತ್ತು ವರ್ಷಗಳಲ್ಲಿ ಆ ಮೆತ್ತೆ ಕಳಚುತ್ತಿದ್ದದ್ದು ಸ್ನಾನಕ್ಕೆ, ನಿದ್ದೆಗೆ ಮತ್ತು ದೇವರಿಗೆ ಕೈಮುಗಿಯುವಾಗ ಮಾತ್ರ.

ಎದೆನೋವೆಂದು ಆಸ್ಪತ್ರೆ ಸೇರಿ ಬಂದಾಗ ಡಾಕ್ಟರು ಖಂಡತುಂಡವಾಗಿ ಹೇಳಿದ್ದರು: ದಿನಕ್ಕೆ ಐದು ಸಾವಿರ ಹೆಜ್ಜೆ ನಡೆಯಬೇಕು, ಎರಡು ತಿಂಗಳಲ್ಲಿ ಅದು ಸಾಧ್ಯವಾಗದಿದ್ದರೆ, ದಿನವಿಡೀ ಕೂರಿಸುವ ಹೊಲಿಗೆಯನ್ನೇ ಬಿಡಬೇಕು. ಮಗಳು ಹೆಜ್ಜೆ ಎಣಿಸುವ ಕೈಪಟ್ಟಿ ತಂದುಕೊಟ್ಟಳು. ಎಡಗೈ ಮೆತ್ತೆಯದು, ಬಲಗೈ ಕತ್ತರಿಯದು. ಟೈಲರಮ್ಮ ಪಟ್ಟಿಗೊಂದು ಎಲಾಸ್ಟಿಕ್ ಹೊಲಿದು ಉದ್ದ ಮಾಡಿ, ಕಾಲಿಗೆ ಕಟ್ಟಿಕೊಂಡು ಮಷಿನ್ ತುಳಿಯುತ್ತ ಕುಳಿತರು.

ಎರಡು ತಿಂಗಳಾದ ಮೇಲೆ ಡಾಕ್ಟರು ಲೆಕ್ಕ ನೋಡಿ ಹುಬ್ಬೇರಿಸಿದರು. "ದಿನಕ್ಕೆ ಹದಿನೆಂಟು ಸಾವಿರ! ಓಟದ ಪಂದ್ಯಕ್ಕೆ ಹೋಗ್ತೀರೇನಮ್ಮ? ಧಾರಾಳವಾಗಿ ಹೊಲೀರಿ. ಆದ್ರೆ ಭಾನುವಾರ ಮಾತ್ರ ಯಾಕೆ ಆರುನೂರು?"

ಭಾನುವಾರ ಮಷಿನ್ನಿಗೆ ರಜೆ. ಟೈಲರಮ್ಮನಿಗೆ ಥಟ್ಟನೆ ಹೊಳೆಯಿತು, ಪಕ್ಕದಲ್ಲಿದ್ದ ಮಗಳಿಗೂ ಹೊಳೆಯಿತು. "ಸುಮ್ನಿರಮ್ಮ" ಎಂದು ಅವಳು ಮೊಣಕೈ ತಿವಿದಳು. ಸುಮ್ಮನಿದ್ದಿದ್ದರೆ ಹೊಲಿಗೆ ಉಳಿಯುತ್ತಿತ್ತು.

"ಇದು ನಡೆದಿದ್ದಲ್ಲ ಡಾಕ್ಟ್ರೇ, ತುಳಿದಿದ್ದು," ಎಂದರು ಟೈಲರಮ್ಮ, ಸೀರೆಯಂಚು ಸರಿಸಿ ಕಾಲು ತೋರಿಸುತ್ತ. "ತಪ್ಪು ಅಳತೆ ಕೊಟ್ಟು, ಬಟ್ಟೆ ಸರಿಯಾಗಿ ಕೂರಲಿ ಅಂದ್ರೆ ಹೇಗೆ?"

ಡಾಕ್ಟರು ನಗು ತಡೆಯಲಾರದೆ ಇನ್ನೆರಡು ತಿಂಗಳ ಗಡುವು ಕೊಟ್ಟರು.

ಅಂದೇ ಪಟ್ಟಿ ಮಣಿಕಟ್ಟಿಗೆ ಬಂತು, ಮೆತ್ತೆ ಮಷಿನ್ನಿನ ನೆತ್ತಿಗೇರಿತು. ಹೊಲಿದ ಬಟ್ಟೆಗಾಗಿ ಯಾರೂ ಅಂಗಡಿಗೆ ಬರಕೂಡದೆಂದು ಅಪ್ಪಣೆಯಾಯಿತು. ಮನೆಮನೆಗೆ ತಾವೇ ನಡೆದು ಮುಟ್ಟಿಸತೊಡಗಿದರು. ನನ್ನ ರವಿಕೆ ಬೆಳಿಗ್ಗೆ ಬಂತು, ಅದರ ಜೊತೆಯದು ಸಂಜೆ. "ಎರಡೂ ಒಟ್ಟಿಗೇ ತರಬಹುದಿತ್ತಲ್ಲ?" ಎಂದೆ. "ನಿನಗೇನಮ್ಮ, ನನಗೆ ಹೆಜ್ಜೆ ಕಮ್ಮಿಯಾಗುತ್ತೆ" ಎಂದು ಮೆಟ್ಟಿಲಿಳಿದೇಬಿಟ್ಟರು. ಮನೆ ಸೇರಿದಾಗ ಇನ್ನೂ ಎಪ್ಪತ್ತು ಹೆಜ್ಜೆ ಉಳಿದಿದ್ದರೆ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ನಡೆದು ಮುಗಿಸುತ್ತಿದ್ದರಂತೆ.

ಗಡುವು ಮುಗಿದು ವರ್ಷವಾಯಿತು. ಮಷಿನ್ನಿನ ಸದ್ದು ಈಗಲೂ ಬೀದಿಗೆ ಕೇಳುತ್ತದೆ, ನಡುನಡುವೆ ನಿಲ್ಲುತ್ತದೆ. ನಿಂತಾಗ ಯಾರದೋ ಮನೆಯ ಬಾಗಿಲು ಬಡಿದ ಸದ್ದು. ಊರಿನವರನ್ನೆಲ್ಲ ಅಳೆದು ಬದುಕಿದವರು ಬಹಳ ಮಂದಿ ಇದ್ದಾರು. ತಮ್ಮ ಸರದಿ ಬಂದಾಗ, ಹೊಟ್ಟೆ ಎಳೆದುಕೊಳ್ಳದೆ ಟೇಪಿನ ಮುಂದೆ ನಿಲ್ಲುವವರನ್ನು ದೇವರು ಬೆರಳಲ್ಲಿ ಎಣಿಸಿಯೇ ಕಳಿಸುತ್ತಾನೆ.