ಎದುರುಗಾಲಿನ ಒದೆ

ಚನ್ನರಾಯಪ್ಪನಿಗೆ ಸೊಂಟ ಹಿಡಿದದ್ದು ಇಡೀ ಟೇಕಲ್ ಊರಿಗೆ ಅಯ್ಯೋ ಪಾಪ ಎನ್ನಿಸಿತ್ತು, ನನ್ನೊಬ್ಬಳನ್ನು ಬಿಟ್ಟು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹಸಿರು ರವಿಕೆ ಅವನ ಮನೆಯಲ್ಲಿ ಒಂದೇ ತೋಳಿನಲ್ಲಿ ಬಿದ್ದಿತ್ತು. ಇನ್ನೊಂದು ತೋಳು ಹಚ್ಚಬೇಕಾದ ಅವನ ಹೆಂಡತಿ ಅನಸೂಯ ಹೊಲಿಗೆ ಮಿಷನ್ನಿಲ್ಲದೆ ಕೈ ಕಟ್ಟಿಕೊಂಡು ಕೂತಿದ್ದಳು. ಮಿಷನ್ನನ್ನು ಕಳ್ಳರು ಹೊತ್ತುಕೊಂಡು ಹೋಗಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು. ಇಲ್ಲಿ ಕಿತ್ತು ಹಾಕಿದವನು ಕಟ್ಟಿಕೊಂಡ ಗಂಡನೇ.

ಇದು ಎಪ್ಪತ್ತೆಂಟು, ಎಪ್ಪತ್ತೊಂಬತ್ತರ ಮಾತು. ಸ್ಟೇಷನ್ ರಸ್ತೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಚನ್ನರಾಯಪ್ಪ ಮಾಲೂರಿನ ಒಂದು ಇಟ್ಟಿಗೆ ಕಾರ್ಖಾನೆಯಲ್ಲಿ ಗುಮಾಸ್ತ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ. ಎತ್ತರದ ಆಳು, ನೆಟ್ಟಗಿನ ಬೆನ್ನು, ಬಾಯಲ್ಲಿ ಯಾವಾಗಲೂ ಒಂದೇ ಮಾತು: "ನಾನು ಯಾರಿಗೂ ಬಗ್ಗೋನಲ್ಲ ಕಣ್ರೀ." ರೈಲಿನಲ್ಲೂ ಇದೇ ಮಾತು, ರೇಷನ್ ಅಂಗಡಿಯಲ್ಲೂ ಇದೇ ಮಾತು. ದೇವಸ್ಥಾನದಲ್ಲೂ ತಲೆ ಬಗ್ಗಿಸದೆ ಬರೀ ಕೈ ಮುಗಿದು ಬರುತ್ತಿದ್ದ. ತನ್ನ ಮದುವೆಯಲ್ಲಿ ಅತ್ತೆಮಾವಂದಿರ ಕಾಲಿಗೆ ಬೀಳು ಎಂದಾಗ ಹೊಸ ಪಂಚೆಯ ನೆಪ ಹೇಳಿ ನಿಂತೇ ಇದ್ದನಂತೆ. ಮುಳಬಾಗಿಲಿನ ಅವನ ಅತ್ತೆ ಗಂಗರತ್ನಮ್ಮ ಅದನ್ನು ಮರೆತಿರಲಿಲ್ಲ. ಆಕೆ ಯಾವುದನ್ನೂ ಮರೆಯುವ ಪೈಕಿ ಅಲ್ಲ.

ಒಮ್ಮೆ ಕೋಲಾರದಲ್ಲಿ ಯಾವುದೋ ವಸ್ತುಪ್ರದರ್ಶನಕ್ಕೆ ಹೋಗಿ ಬಂದವನ ತಲೆಯಲ್ಲಿ ಹುಳ ಹೊಕ್ಕಿತು. ಅಲ್ಲಿ ಒಬ್ಬ ಕಾಲಲ್ಲಿ ತುಳಿಯುತ್ತಾ ಮಿಷನ್ನಿನಲ್ಲಿ ತೆಳು ಹಲಗೆ ಕೊಯ್ಯುತ್ತಿದ್ದನಂತೆ. ದಾರದಷ್ಟು ಸಣ್ಣ ಗರಗಸ ಮೇಲೆ ಕೆಳಗೆ ಆಡುತ್ತಿದ್ದರೆ ಹಲಗೆಯಲ್ಲಿ ಬಳ್ಳಿ, ಹಂಸ, ನವಿಲು ಎಲ್ಲ ಬಿಡಿಸಿಕೊಂಡು ಬರುತ್ತಿದ್ದವಂತೆ. ಅಂಥ ಮಿಷನ್ನು ನನಗೂ ಬೇಕು ಎಂದು ಹೊರಟ. ಕೊಳ್ಳುವುದಕ್ಕೆ ಮನಸ್ಸಿಲ್ಲ. ಮನೆಯಲ್ಲಿ ಕಣ್ಣಿಗೆ ಬಿದ್ದದ್ದು ಹೆಂಡತಿಯ ಕಾಲು ಮಿಷನ್ನು.

ಆ ಕಾಲು ಮಿಷನ್ನು ಅನಸೂಯಳಿಗೆ ಅವಳ ಅಪ್ಪ ಕೊಟ್ಟದ್ದು. ನಮ್ಮ ಬೀದಿಯ ರವಿಕೆ, ಲಂಗ, ದಿಂಬಿನ ಚೀಲ ಎಲ್ಲ ಅದರಲ್ಲೇ ಆಗಬೇಕು. ಅವಳು ಅದರ ಮುಂದೆ ಕೂತಳೆಂದರೆ ನಾಲ್ಕು ಜನ ಹೆಂಗಸರು ಸುತ್ತ ಕೂರುತ್ತಿದ್ದೆವು. ಗಂಡನ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದದ್ದು ಆ ಒಂದು ಮೂಲೆಯಲ್ಲಿ ಮಾತ್ರ.

ತಮ್ಮನ ಹೆಂಡತಿಯ ಸೀಮಂತಕ್ಕೆಂದು ಅವಳು ಮುಳಬಾಗಿಲಿಗೆ ಹೋದ ವಾರ ಅವನು ಕೆಲಸ ಮುಗಿಸಿದ. ಮಿಷನ್ನಿನ ತಲೆ ಬಿಚ್ಚಿ ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಕಾಲು, ಚಕ್ರ, ಬೆಲ್ಟು ಉಳಿದವು. ಅದರ ಮೇಲೆ ಒಂದು ಹಲಗೆ ಹೊಡೆದು, ಮರದ ಚೌಕಟ್ಟಿಗೆ ಸ್ಪ್ರಿಂಗು ಕಟ್ಟಿ, ನಡುವೆ ಗರಗಸ ಬಿಗಿದ. ಅನಸೂಯ ಬಂದು ನೋಡಿದಾಗ ಅವನು ತುಳಿದು ತೋರಿಸುತ್ತಿದ್ದ.

"ಇದೇನ್ರೀ ಇದು, ನನ್ ಮಿಷನ್ನು?"

"ರವಿಕೆ ಯಾರು ಬೇಕಾದ್ರೂ ಹೊಲೀತಾರೆ. ಇದು ಕಲೆ ಕಣೇ."

ಅವಳು ಜಗಳ ಆಡಲಿಲ್ಲ. ಮಿಷನ್ನಿನ ಮುಂದೆ ತಾನು ಕೂರುತ್ತಿದ್ದ ಸ್ಟೂಲನ್ನು ಎತ್ತಿಕೊಂಡು ಒಳಗೆ ಹೋದಳು. "ಇದೂ ನಮ್ಮಪ್ಪಂದೇ. ನಿಮ್ ಕಲೇಗೆ ಬೇರೆ ನೋಡ್ಕಳಿ," ಎಂದು ಅಡಿಗೆಮನೆಯಲ್ಲಿ ಇಟ್ಟು ಅದರ ಮೇಲೆ ನೀರಿನ ಬಿಂದಿಗೆ ಕೂರಿಸಿದಳು. ಇನ್ನೊಂದು ಸ್ಟೂಲು ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಂದರೆ ಹೆಂಡತಿಗೆ ಸೋತ ಹಾಗಾಗುತ್ತದೆ. ಆದ್ದರಿಂದ ನಿಂತೇ ಕೊಯ್ಯುತ್ತೇನೆ ಎಂದು ತೀರ್ಮಾನಿಸಿದ.

ಆ ಕೂತು ತುಳಿಯುವ ಮಿಷನ್ನಿನ ಎತ್ತರ ಅವನ ತೊಡೆಯವರೆಗೆ ಬಂದರೆ ಹೆಚ್ಚು. ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲಲ್ಲಿ ತುಳಿಯುತ್ತಾ, ಕುತ್ತಿಗೆಯನ್ನು ಗರಗಸದ ಮುಂದೆ ಒಡ್ಡಿಕೊಂಡು, ಸಂಜೆ ರೈಲು ಇಳಿದವನು ಊಟದ ಹೊತ್ತಿನವರೆಗೂ ಕೊಯ್ದದ್ದೇ ಕೊಯ್ದದ್ದು. ಭಾನುವಾರ ಪೂರ್ತಿ ಅದೇ. ಬೀದಿಯ ಒಂದೊಂದು ಮನೆಗೂ 'ಸುಸ್ವಾಗತ' ಎಂಬ ಹಲಗೆ ಬಂತು. ನಮ್ಮ ಮನೆಯದರಲ್ಲಿ ವಕಾರದ ಒತ್ತು ಮುರಿದು 'ಸುಸಾಗತ' ಆಗಿತ್ತು. ರವಿಕೆ ಕೊಡಿ ಎಂದು ಕೇಳಲು ಹೋದವಳ ಕೈಗೆ ಅದನ್ನು ಇಟ್ಟು ಕಳಿಸಿದ. ನನಗೆ ಉರಿದುಹೋಯಿತು.

ಮೊದಲು ಸೊಂಟ ಸಣ್ಣಗೆ ಹಿಡಿಯಿತು. ಅವನು ಗಾಳಿ ಎಂದ. ಆಮೇಲೆ ಕೂತರೆ ಏಳಲು ಗೋಡೆ ಬೇಕಾಯಿತು. ರೈಲಿನ ಸೀಟು ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಒಂದು ಭಾನುವಾರ ಹಂಸದ ಕುತ್ತಿಗೆ ತಿರುಗಿಸುವಾಗ ಅವನ ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಹಂಸದ ಕುತ್ತಿಗೆ ಮುರಿಯಿತು, ಚನ್ನರಾಯಪ್ಪ ಬಗ್ಗಿದವನು ಬಗ್ಗಿದ ಹಾಗೇ ನಿಂತ.

ರಜ ಹಾಕುವ ಜಾತಿ ಅಲ್ಲ ಅವನು. ಸೋಮವಾರ ಹಾಗೆಯೇ ರೈಲು ಹತ್ತಿದ. ಕಾರ್ಖಾನೆಯ ಬಾಗಿಲಲ್ಲಿ ಸಾಹುಕಾರ ಮುನಿಕೃಷ್ಣಪ್ಪ ಎದುರಾದರು. ಇಷ್ಟು ವರ್ಷ ಕತ್ತು ನೆಟ್ಟಗೆ ಇಟ್ಟುಕೊಂಡು ನಮಸ್ಕಾರ ಹಾಕುತ್ತಿದ್ದವನು ಅವತ್ತು ನಡುವಿನವರೆಗೂ ಬಗ್ಗಿ ನಿಂತಿದ್ದಾನೆ. ಸಾಹುಕಾರರ ಕಣ್ಣು ತುಂಬಿ ಬಂತಂತೆ.

"ಇರ್ಲಿ ಇರ್ಲಿ, ಇಷ್ಟೊಂದೆಲ್ಲಾ ಯಾಕಪ್ಪ," ಎಂದು ಬೆನ್ನು ತಟ್ಟಿದರು. ತಟ್ಟಿದ ಏಟಿಗೆ ಅವನಿಗೆ ಜೀವ ಹೋಗಿ ಬಂತು. ಅವನ ಕಣ್ಣಲ್ಲೂ ನೀರು ನೋಡಿ ಸಾಹುಕಾರರು ಇನ್ನೂ ಕರಗಿದರು. ಮಧ್ಯಾಹ್ನದ ಹೊತ್ತಿಗೆ ಅವನ ಮೇಜು ಫ್ಯಾನಿನ ಕೆಳಗೆ ಬಂತು. ಮಾರನೆಯ ದಿನ ಬೀರುವಿನ ಬೀಗದಕೈ ಅವನ ಕೈಗೇ ಬಂತು.

ಸೊಂಟ ಹಿಡಿದಿದೆ ಸ್ವಾಮಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಫ್ಯಾನಿನ ಗಾಳಿ ಎಂಥವನ ಬಾಯನ್ನೂ ಕಟ್ಟುತ್ತದೆ. ಆದರೆ ರೈಲಿನಲ್ಲಿ ಕೂತವರ ಬಾಯಿ ಕಟ್ಟುವವರು ಯಾರು? "ಏನ್ಲಾ ಚನ್ನ, ಕೊನೆಗೂ ಬಗ್ದೆ ಬುಡು," ಎಂದ ಒಬ್ಬ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗಲ್ಲ ಅಂತಾರೆ. ಇವ್ನು ಗಾದೇನೇ ಸುಳ್ಳು ಮಾಡ್ದ," ಎಂದ ಇನ್ನೊಬ್ಬ. ಈ ಮಾತು ಅವನಿಗೆ ಸೊಂಟದ ನೋವಿಗಿಂತ ಹೆಚ್ಚು ನೋವು ಕೊಟ್ಟಿತು. ಅವನು ಊರಿಗೆಲ್ಲ ಸಾರಿದ್ದು ಬಗ್ಗೋನಲ್ಲ ಅನ್ನುವ ಅದೊಂದೇ ಮಾತು. ಅದೂ ಹೋದರೆ ಉಳಿಯುವುದು ಬರೀ ಇಟ್ಟಿಗೆ ಗುಮಾಸ್ತ.

ಕೋಲಾರದ ಡಾಕ್ಟರ ಬಳಿ ಹೋದ. ಅವರು ಎಲ್ಲ ಕೇಳಿ, "ಕೂತು ಕೆಲಸ ಮಾಡಿ. ಹಲಗೆ ನಿಮ್ಮ ಎದೆ ಮಟ್ಟಕ್ಕೆ ಬರೋ ಹಾಗೆ ಮಾಡ್ಕೊಳ್ಳಿ. ಆಗಾಗ ಎದ್ದು ಓಡಾಡಿ. ಈಗ ಸ್ವಲ್ಪ ದಿನ ಗರಗಸ ಮುಟ್ಟಲೇಬೇಡಿ," ಎಂದರಂತೆ. ಇವನಿಗೆ ಅದು ಸರಿಬರಲಿಲ್ಲ. "ಸೂಜಿ ಹಾಕ್ಲಿಲ್ಲ, ಮಾತ್ರೆ ಬರೀಲಿಲ್ಲ. ಎಂಥಾ ಡಾಕ್ಟ್ರಕ್ಕಾ ಅವ್ನು," ಎಂದು ನನ್ನ ಹತ್ತಿರವೇ ದೂರಿದ. ಅವತ್ತು ಸಂಜೆ ಗೋಡೆಯಾಚೆ ಗರಗಸದ ಸದ್ದು ಕೇಳಿಸಿತು. ಬಗ್ಗಿದ್ದೇನಲ್ಲ, ಹೇಗೂ ಕೊಯ್ಯುವುದಕ್ಕೆ ಅನುಕೂಲವೇ ಎಂದುಕೊಂಡನೋ ಏನೋ.

ಆಮೇಲೆ ಉಳುಕು ತೆಗೆಯುವ ಮುನಿಶಾಮಿ ಬಂದ. ಹರಳೆಣ್ಣೆ ಹಚ್ಚಿ ನೀವಿದ, ಎಳೆದ, ಮೊಣಕಾಲು ಕೊಟ್ಟು ಅದುಮಿದ. ಚನ್ನರಾಯಪ್ಪನ ಕೂಗು ಸ್ಟೇಷನ್ನಿನವರೆಗೆ ಕೇಳಿಸಿತು, ಬೆನ್ನು ಮಾತ್ರ ಅಲುಗಲಿಲ್ಲ. ಮುನಿಶಾಮಿ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಇದು ಕೈಗೆ ಬಗ್ಗೋ ಹಿಡಿತ ಅಲ್ಲ ಸ್ವಾಮಿ. ಎದುರುಗಾಲಲ್ಲಿ ಹುಟ್ಟಿರೋರು ಯಾರಾನ ಒದೀಬೇಕು. ಅದಕ್ಕೇ ಹೋಗೋದು."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ತಾಯಿಯ ಹೊಟ್ಟೆಯಿಂದ ತಲೆ ಬದಲು ಕಾಲು ಮೊದಲು ಬಂದವರ ಕಾಲಿಗೆ ಆ ಗುಣ ಇರುತ್ತದೆ ಎನ್ನುತ್ತಾರೆ. ಹೊಸ್ತಿಲ ಮೇಲೆ ನಿಲ್ಲಿಸಿ ಅವರು ಸೊಂಟಕ್ಕೆ ಒದ್ದರೆ ಹಿಡಿತ ಬಿಡುತ್ತದಂತೆ. ಟೇಕಲ್ಲಿನಲ್ಲಿ ಅಂಥವರು ಯಾರೆಂದು ಹುಡುಕಿದರು. ಇದ್ದ ಒಬ್ಬ ಅಜ್ಜ ಹಿಂದಿನ ವರ್ಷವೇ ತೀರಿಕೊಂಡಿದ್ದ. ಚನ್ನರಾಯಪ್ಪ ಆ ಅಜ್ಜನ ಸಾವಿಗೆ ಒಂದು ವರ್ಷ ತಡವಾಗಿ ಅತ್ತ.

ಅಷ್ಟು ಹೊತ್ತಿಗೆ ಗಂಗರತ್ನಮ್ಮ ಹುಣಿಸೆಹಣ್ಣಿನ ಗಂಟು ಹೊತ್ತು ಮುಳಬಾಗಿಲಿನಿಂದ ಬಂದಿಳಿದರು. ಹುಟ್ಟಿದ್ದು ತೆಲುಗಿನಲ್ಲಿ, ಬದುಕಿದ್ದು ಕನ್ನಡದಲ್ಲಿ, ಬಯ್ಯುವುದು ಎರಡರಲ್ಲೂ. ಜಗುಲಿಯಲ್ಲಿ ಅಳಿಯ ನಡು ಬಗ್ಗಿಸಿ ನಿಂತಿದ್ದ. ಆತನ ತಲೆ ಆಕೆಯ ಪಾದದ ಕಡೆಗಿತ್ತು. ಆಕೆ ಒಂದು ಗಳಿಗೆ ನೋಡಿ, ಸೆರಗು ಸರಿಮಾಡಿಕೊಂಡು, "ದೀರ್ಘಾಯುಷ್ಯಮಸ್ತು. ಲೇಟಾದ್ರೂ ಪರವಾಗಿಲ್ಲ ನಾಯನಾ," ಎಂದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಒಳಗೆ ಅಮ್ಮ ಮಗಳು ಅದೇನು ಮಾತಾಡಿಕೊಂಡರೋ ತಿಳಿಯದು. ಮಾತು ಮುಗಿಸಿ ಹೊರಗೆ ಬಂದ ಗಂಗರತ್ನಮ್ಮ, "ಎದುರುಗಾಲಿಗೆ ಊರೆಲ್ಲಾ ಯಾಕಪ್ಪ ಹುಡುಕ್ತೀಯ? ಮನೇಲೇ ಐತಲ್ಲ. ನಮ್ ಅನಸೂಯ ಹುಟ್ಟಿದ್ದೇ ಕಾಲು ಮುಂದಾಗಿ. ಹಂಗೆ ಹುಟ್ಟಿದ್ರೆ ಸೋದರಮಾವಂಗೆ ಕೇಡು ಅಂತ ಯಾರಿಗೂ ಹೇಳಿರ್ಲಿಲ್ಲ," ಎಂದರು.

ಚನ್ನರಾಯಪ್ಪನ ಮುಖ ನೋಡಬೇಕಿತ್ತು. ಆದರೆ ಅದು ನೆಲದ ಕಡೆಗಿತ್ತು. ಹೆಂಡತಿಯ ಕೈಲಿ ಒದೆಸಿಕೊಳ್ಳುವುದಕ್ಕಿಂತ ಗಂಡಸಿಗೆ ಸಾಯುವುದು ಮೇಲು ಎಂದು ಎರಡು ದಿನ ಹಟ ಹಿಡಿದ. ಮೂರನೆಯ ದಿನ ರೈಲಿನಲ್ಲಿ ಯಾರೋ ಅವನ ಬೆನ್ನ ಮೇಲೆ ಇಸ್ಪೀಟು ಹಾಕೋಣವೇ ಎಂದು ಕೇಳಿದರಂತೆ. ಅವತ್ತು ಸಂಜೆ ಅಡಿಗೆಮನೆ ಬಾಗಿಲಿಗೆ ಬಂದು ನಿಂತ. ನಾನು ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದೆ.

"ಅನಸೂಯಾ, ಅದೇನೋ ಮಾಡ್ಬೇಕಂತಲ್ಲ. ಮಾಡ್ಬುಡು ಅತ್ಲಾಗೆ."

ಅವಳು ರಾಗಿಮುದ್ದೆ ತಿರುವುತ್ತಿದ್ದವಳು ಕೋಲು ಬಿಡಲಿಲ್ಲ.

"ಕಾಲು ನಂದು ಕಣ್ರೀ, ಕೊಡ್ತೀನಿ. ಕಾಲು ಮಿಷನ್ನೂ ನಂದೇ. ಮೊದ್ಲು ಅದನ್ನ ಕೊಡಿ."

ಅವನು ನನ್ನ ಕಡೆ ನೋಡಿದ. ನಾನು ಲೋಟದ ಕಡೆ ನೋಡಿದೆ. ಹೋಗಿ ಚೌಕಟ್ಟು ಬಿಚ್ಚಿದ, ಹಲಗೆ ಕಿತ್ತ. ಅಟ್ಟದಿಂದ ಮಿಷನ್ನಿನ ತಲೆಯನ್ನು ನಾವೇ ಇಳಿಸಿ ಕೊಟ್ಟೆವು. ಕೂರಿಸಿದ, ತಿರುಪು ಬಿಗಿದ, ಕೆಳಗೆ ಚಕ್ರಕ್ಕೆ ಬೆಲ್ಟು ಹಾಕಿದ. ಹೇಗೂ ಬಗ್ಗಿದ್ದನಲ್ಲ, ಕೆಲಸ ಬೇಗ ಆಯಿತು. ಅನಸೂಯ ಬಿಂದಿಗೆ ಇಳಿಸಿ ಸ್ಟೂಲು ತಂದು ಕೂತಳು, ಒಂದು ಸಲ ತುಳಿದು ನೋಡಿದಳು. ಮಿಷನ್ನು ಓಡಿದ ಸದ್ದು ಕೇಳಿ ನಾನೇ ಮೊದಲು ಹೋಗಿ ಅವಳ ಪಕ್ಕ ಕೂತೆ. ರವಿಕೆಗಾಗಿ ಎಂದುಕೊಂಡಿದ್ದೆ, ಅವಳ ಮುಖ ನೋಡಿದ ಮೇಲೆ ರವಿಕೆಯ ನೆನಪೇ ಆಗಲಿಲ್ಲ.

ಒದೆ ಮಾತ್ರ ಅವತ್ತೇ ಸಿಗಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆಯೇ ಆಗಬೇಕು, ಅಲ್ಲಿಯವರೆಗೆ ಕಬ್ಬಿಣ ಮುಟ್ಟಬಾರದು, ನೆಲದ ಮೇಲೆ ಚಾಪೆ ಹಾಕಿ ಮಲಗಬೇಕು, ಎರಡು ಹೊತ್ತು ಬಿಸಿನೀರಿನ ಶಾಖ ಕೊಡಬೇಕು ಎಂದು ಗಂಗರತ್ನಮ್ಮ ಶಾಸ್ತ್ರ ಹೇಳಿದರು. ಕಾರ್ಖಾನೆಗೆ ರಜ ಹಾಕಿಸಿದರು. ಡಾಕ್ಟರು ಹೇಳಿದ್ದಕ್ಕೆ ಮೂಗು ಮುರಿದವನು ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಗರಗಸ ಮುಟ್ಟಲಿಲ್ಲ.

ಅಮಾವಾಸ್ಯೆ ಬೆಳಿಗ್ಗೆ ಹೊಸ್ತಿಲ ಮೇಲೆ ಹೊರಮುಖವಾಗಿ ನಿಲ್ಲಿಸಿದರು. ಬೀದಿಯವರಿಗೆ ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ಇದ್ದರು. ಅನಸೂಯ ಮೊದಲು ಗಂಡನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಸೀರೆ ಎತ್ತಿ ಸಿಕ್ಕಿಸಿದಳು. ಶಾಸ್ತ್ರಕ್ಕೆ ಮುಟ್ಟಿಸುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಅವಳು ಮುಟ್ಟಿಸಲಿಲ್ಲ, ಒದ್ದಳು. ಚನ್ನರಾಯಪ್ಪ ಜಗುಲಿ ದಾಟಿ ಅಂಗಳದ ರಂಗೋಲಿಯ ಮೇಲೆ ಹೋಗಿ ಬಿದ್ದ.

ಬಿದ್ದವನು ಎದ್ದ. ನೆಟ್ಟಗೆ ಎದ್ದ. ಹಿಂದೆ ಕೈಯಿಟ್ಟು ನೋಡಿಕೊಂಡ, ಅತ್ತಿತ್ತ ತಿರುಗಿದ. ಮೀಸೆಗೆ ಹತ್ತಿದ್ದ ರಂಗೋಲಿ ಒರೆಸಿಕೊಂಡು ಜನರ ಕಡೆ ತಿರುಗಿ, "ನೋಡುದ್ರಾ, ನಾನು ಬಗ್ಗೋ ಆಸಾಮಿ ಅಲ್ಲ," ಎಂದ. ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಅವತ್ತು ಕಣ್ಣಾರೆ ಕಂಡೆ.

ಮರುದಿನ ಕಾರ್ಖಾನೆಯ ಬಾಗಿಲಲ್ಲಿ ನೆಟ್ಟಗೆ ನಿಂತು ನಮಸ್ಕಾರ ಹಾಕಿದನಂತೆ. ನಾಲ್ಕು ದಿನ ಫ್ಯಾನಿನ ಕೆಳಗೆ ಕೂರಿಸಿದ್ದಕ್ಕೆ ತಲೆ ತಿರುಗಿತು ಎಂದು ಸಾಹುಕಾರರು ಬೀಗದಕೈ ವಾಪಸು ತೆಗೆದುಕೊಂಡರು.

ನನ್ನ ರವಿಕೆಗೆ ಎರಡನೇ ತೋಳು ಬಂತು. ತರಲು ಹೋದಾಗ ಗಂಗರತ್ನಮ್ಮ ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದರು. ನನಗೊಂದು ಆಸೆ. ನಮ್ಮ ಯಜಮಾನರಿಗೂ ಚಳಿಗಾಲದಲ್ಲಿ ಸೊಂಟ ಹಿಡಿಯುತ್ತದೆ. ಆವಾಗ ಅನಸೂಯಳ ಕೈಲಿ ಒಂದು ಒದೆ ಕೊಡಿಸುತ್ತೀರಾ, ಆ ಗುಣ ಎಲ್ಲರ ಕಾಲಿಗೆ ಇರುವುದಿಲ್ಲವಲ್ಲ ಎಂದು ಕೇಳಿದೆ. ಮುದುಕಿ ಗಂಟು ಬಿಟ್ಟು ನಗತೊಡಗಿತು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಿತು.

ನನಗೆ ಅನುಮಾನ ಬಂತು. ಮಿಷನ್ನಿನ ಕಡೆ ತಿರುಗಿ, "ಏನೇ ಅನಸೂಯ, ನೀನು ಹುಟ್ಟಿದ್ದು ಎದುರುಗಾಲಲ್ಲಿ ತಾನೇ?" ಎಂದೆ.

ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ. ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು ಹೇಳಿದಳು:

"ಹುಟ್ಟಿದ್ದು ಎಲ್ಲಾರಂಗೆ ತಲೆ ಮುಂದಾಗೇ ಅಕ್ಕ. ಕಾಲು ಮುಂದ್ ಮಾಡಿದ್ದು ಅವತ್ತೇ."