ಬಾಯಿಯವರ ಮನೆಯಲ್ಲಿ ಉಣ್ಣಬಾರದೆಂಬ ನಿಯಮ

ನಾಲ್ಕನೇ ಇಯತ್ತೆಯನ್ನೂ ಮುಗಿಸದ ನನ್ನನ್ನು ಹಳ್ಳಿಯ ಬಾಲವಾಡಿಗಳನ್ನು ನೋಡಿಕೊಳ್ಳುವ ದೇಖರೇಖಿ ಕೆಲಸಕ್ಕೆ ಇಟ್ಟವರು ಜಾನಕೀಬಾಯಿ. ಸೋಲಾಪುರದ ನಮ್ಮ ಸೇವಾಮಂಡಳ ಕಟ್ಟಿದವರು ಅವರೇ. ಬಾಲವಾಡಿಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಹೆಣ್ಣುಮಕ್ಕಳನ್ನು ನಾವು ಬಾಯಿ ಎನ್ನುತ್ತಿದ್ದೆವು. ಅಂದು ಒಂದೇ ಮಾತು ಹೇಳಿದ್ದರು: "ಸಾತಲಿಂಗಪ್ಪಾ, ಬಾಲವಾಡಿ ಬಾಯಿಯವರ ಮನಿಯಾಗ ಉಣ್ಣಬ್ಯಾಡ್ರಿ. ಅವರಿಗೇ ಸಾಲೂದಿಲ್ಲ."

ಅವರು ತೀರಿಕೊಂಡ ಮೇಲೂ ನಾನು ಆ ಮಾತು ಮುರಿಯಲಿಲ್ಲ. ರೊಟ್ಟಿಯ ಗಂಟು ಹಿಡಿದು ಎಸ್‌ಟಿ ಬಸ್ಸು ಹತ್ತುತ್ತಿದ್ದೆ. ಹಾಜರಿ ನೋಡಿ, ಮಕ್ಕಳನ್ನು ಎಣಿಸಿ, ಬೇವಿನ ಗಿಡದ ಕೆಳಗೆ ಒಬ್ಬನೇ ಉಂಡು ಮರಳುತ್ತಿದ್ದೆ.

ಎಪ್ಪತ್ತೈದನೇ ಇಸವಿಯ ಶ್ರಾವಣದಲ್ಲಿ ಮೈಂದರ್ಗಿಯ ಕುಮುದಿನಿಬಾಯಿ ರಾಜೀನಾಮೆ ಕಳಿಸಿದರು. ಎರಡು ವರ್ಷದಲ್ಲಿ ಅವರು ನಾಲ್ಕನೆಯವರು. ಮಂದ್ರೂಪದ ಬಾಯಿ ಲಗ್ನ ಎಂದಿದ್ದರು, ಇನ್ನಿಬ್ಬರು ತಾಯಿಗೆ ಆರಾಮಿಲ್ಲ ಎಂದಿದ್ದರು. ನಾನು ನಂಬಿದ್ದೆ.

ಮಂಡಳದ ಸೆಕ್ರೆಟರಿ ದಿಗಂಬರರಾವ ಆ ಕಾಗದವನ್ನು ನನ್ನ ಮುಂದೆ ಹಿಡಿದರು.

"ಅಹೋ, ಈಕಿ ಹೋದ್ರ ಮೈಂದರ್ಗಿ ಬಾಲವಾಡಿ ಬಂದ್. ಬ್ಯಾರೆ ಬಾಯಿ ಸಿಗೂದಿಲ್ಲ. ತಿಂಗಳ ಕಡಿಗೆ ಹೋಗ್ತೀನಿ ಅಂತ ಬರದಾಳ. ಏನರ ಮಾಡಿ ಉಳಸ್ಕೊಂಡ ಬರ್ರಿ."

"ಏನ್ ಮಾಡ್ಲಿ, ರಾವಸಾಹೇಬ್ರ?"

"ಅದು ನನಗ ಗೊತ್ತಿದ್ರ ನಿಮ್ಮನ್ಯಾಕ ಕಳಸ್ತಿದ್ದೆ?"

ಕುಮುದಿನಿಬಾಯಿಯವರ ಪಡಸಾಲೆಯಲ್ಲೇ ಬಾಲವಾಡಿ. ಮನೆಮನೆಯಿಂದ ಮಕ್ಕಳನ್ನು ಕರೆತರುವ ಗುರುಬಾಯಿ ನನ್ನನ್ನು ಕಂಡವಳೇ ಕೂಗಿದಳು: "ಬಂದ್ರು ನೋಡವ್ವಾ, ಗಂಟಿನ ಕಾಕಾ! ಇವತ್ತ ಮಕ್ಕಳನ್ನಷ್ಟೇ ಎಣಸ್ತೀರೋ, ನನ್ನೂ ಎಣಸ್ತೀರೋ?"

ನಗಬೇಕೋ ಬೇಡವೋ ತಿಳಿಯಲಿಲ್ಲ. "ಯಾಕ ಬಿಡ್ತೀರವ್ವಾ?" ಎಂದು ಬಾಯಿಯವರನ್ನು ಕೇಳಿದೆ.

"ಎರಡು ವರ್ಷದಾಗ ನೀವು ನನ್ನ ವಿಷಯ ಕೇಳಿದ್ದು ಇದೇ ಮೊದಲು, ಕಾಕಾ. ನಮ್ಮತ್ತಿ ಸತ್ತ ಹದಿನಾಲ್ಕನೇ ದಿನಕ್ಕ ಬಾಲವಾಡಿ ತೆರದಿದ್ದೆ. ಆವತ್ತ ಬಂದಿದ್ರಿ. ಏನಂದ್ರಿ, ನೆನಪದನೇನು?"

ನೆನಪಿತ್ತು. ಇಪ್ಪತ್ತೊಂಬತ್ತು ಮಕ್ಕಳಿದ್ದರು, ಇಬ್ಬರು ಕಡಿಮೆ ಎಂದಿದ್ದೆ. ಅವರ ಕಣ್ಣು ಊದಿದ್ದನ್ನೂ ನೋಡಿದ್ದೆ. ಹೆಣ್ಣುಮಕ್ಕಳ ಮನೆಯ ಸಂಗತಿ, ಕೆದಕಬಾರದು ಎಂದು ಸುಮ್ಮನಾಗಿದ್ದೆ.

"ನಮ್ಮ ಮನಿ ನೀರೂ ಕುಡ್ಯಂಗಿಲ್ಲ ನೀವು. ಗಿಡದ ಕೆಳಗ ಹೋಗಿ ಕೂಡ್ತೀರಿ. ನಾವೇನು ಬ್ಯಾಡಾದವರೇನ್ರಿ?"

"ಅದು ನಿಯಮ ಅವ್ವಾ. ನಿಮಗ ತ್ರಾಸ ಆಗಬಾರ್ದಂತ..."

"ಹಂಗಂತ ಯಾರರ ಹೇಳಿದ್ರೇನು ನನಗ?"

ಹೇಳಿರಲಿಲ್ಲ. ಯಾವ ಬಾಯಿಗೂ ಹೇಳಿರಲಿಲ್ಲ. ಹೇಳಬೇಕಾದ ಮಾತು ಎಂದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಮೊದಲು ಬಿಟ್ಟುಹೋದ ಆ ಮೂವರೂ ಇದಕ್ಕೇ ಹೋದರೇ? ರೊಟ್ಟಿಯ ಗಂಟು ಬದಿಗಿಟ್ಟು ಅಲ್ಲೇ ಕೂತೆ. "ಹಸಿವಾಗ್ಯಾದವ್ವಾ" ಎಂದುಬಿಟ್ಟೆ.

ಗುರುಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. ಕುಮುದಿನಿಬಾಯಿ ಒಳಗೆ ಹೋಗಿ ರೊಟ್ಟಿ, ಬದನೆಕಾಯಿ ಪಲ್ಯ ತಂದರು. ಉಣ್ಣುತ್ತಾ ಅವರ ಅತ್ತೆಗೆ ಏನಾಗಿತ್ತೆಂದು ಕೇಳಿದೆ. ಅವರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಎಸ್‌ಟಿ ತಪ್ಪಿತ್ತು. ರಾಜೀನಾಮೆಯ ಮಾತು ಅವರೂ ಎತ್ತಲಿಲ್ಲ, ನನಗೂ ಧೈರ್ಯವಾಗಲಿಲ್ಲ.

ಮರುದಿನ ದಿಗಂಬರರಾವ ಕೇಳಿದರು. "ಕಾಗದ ವಾಪಸ್ ತಗೊಂಡ್ಳೇನು?"

"ಇಲ್ರಿ."

"ಮತ್ತೇನ್ ಮಾಡಿ ಬಂದ್ರಿ?"

"ಉಂಡು ಬಂದೆ."

ತಿಂಗಳು ಮುಗಿಯಿತು. ಕುಮುದಿನಿಬಾಯಿ ಹೋಗಲಿಲ್ಲ. ಊಟಕ್ಕೆ ಉಳಿದರೋ, ಮಾತಿಗೋ, ಮಕ್ಕಳಿಗೋ, ಇಂದಿಗೂ ನನಗೆ ಗೊತ್ತಿಲ್ಲ. ದಿಗಂಬರರಾವರಿಗೆ ಮಾತ್ರ ಸಂದೇಹವಿರಲಿಲ್ಲ. "ಭಾರೀ ಉಪಾಯ! ಇನ್ನ ಎಲ್ಲಾ ಊರಾಗೂ ಉಂಡು ಬರ್ರಿ" ಎಂದು ಮಂಡಳದಲ್ಲಿ ಠರಾವನ್ನೇ ಮಾಡಿಸಿದರು.

ಠರಾವಿನ ಪ್ರಕಾರ ಮೊದಲು ಬೋರಾಮಣಿಗೆ ಹೋದೆ. ಅಲ್ಲಿಯ ಬಾಯಿ ಹಣಮವ್ವ, ಮಾತು ಕಡಿಮೆ.

"ಇವತ್ತ ನಿಮ್ಮ ಮನಿಯಾಗ ಉಣ್ತೀನವ್ವಾ" ಎಂದೆ.

"ಆತ್ರಿ ಕಾಕಾ, ಕುಂಡ್ರಿ" ಎಂದು ಚಾಪೆ ಹಾಸಿದರು. ಆಮೇಲೆ ಸೆರಗಿನಲ್ಲಿ ಖಾಲಿ ರೊಟ್ಟಿ ಬುಟ್ಟಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ನೆರೆಮನೆಗೆ ಹೋಗುವುದು ಕಾಣಿಸಿತು.

ಕೂಗಿ ಬೇಡವೆನ್ನಲು ಎದ್ದೆ. ಬೇಡವೆಂದರೆ ಇವರೂ ಏನು ತಿಳಿದಾರೋ ಎಂದು ಹಾಗೇ ನಿಂತೆ. ಗೋಡೆಯಾಚೆ ಯಾರೋ ಕೇಳಿದರು, "ಎಷ್ಟ ಮಂದಿ ಬಂದಾರವ್ವಾ?"

"ಒಬ್ಬರ" ಎಂದರು ಹಣಮವ್ವ. "ದೊಡ್ಡವರು."

ನಾನು ಮತ್ತೆ ಚಾಪೆಯ ಮೇಲೆ ಕೂತೆ.